ಮಂಗಳವಾರ ನಾಲ್ಕು

ಮೂರು ಸಾವಿರ ಗಂಟೆ ಬೇಕು, ಎಂದಿತ್ತು ಅರ್ಜಿ.
ಹತ್ತೊಂಬತ್ತು ವರ್ಷ ಲ್ಯಾಕವಾನಾದಲ್ಲಿ
ಶಾಲೆಯ ಹಳದಿ ಬಸ್ಸು ಓಡಿಸಿದವಳು,
ಗಂಟೆಗೆ ಹೆದರುವವಳಲ್ಲ ಅಂದುಕೊಂಡೆ.
ಆಮೇಲೆ ತಿಳಿಯಿತು
ಎಲ್ಲ ಗಂಟೆಯೂ ಗಂಟೆಯಲ್ಲ.

ಎದುರು ಕುಳಿತವರು ಅತ್ತರೆ ಲೆಕ್ಕ.
ಅವರು ಹೋದ ಮೇಲೆ ಕಾರಿನೊಳಗೆ
ಗಾಜಿನ ಮೇಲೆ ಹಿಮ ಮುಚ್ಚುವವರೆಗೂ
ಕೀಲಿ ತಿರುಗಿಸದೆ ನಾನು ಕುಳಿತದ್ದು
ಲೆಕ್ಕಕ್ಕಿಲ್ಲ.

ಕಿವಿಗೊಡುವುದು ಅನ್ನುತ್ತೇವಲ್ಲ,
ಕೊಟ್ಟ ಕಿವಿ ಸಂಜೆ ಜೊತೆಗೆ ಮನೆಗೆ ಬರುವುದಿಲ್ಲ.
ಸೂಪಿಗೆ ಉಪ್ಪು ಸಾಲದು ಎಂದ ಗಂಡನಿಗೆ
‘ಅದು ನಿನಗೆ ಹೇಗನ್ನಿಸಿತು?’ ಎಂದುಬಿಟ್ಟೆ ಒಮ್ಮೆ.
ಕ್ಯಾಜ್ ನಕ್ಕ.
ಎರಡನೇ ಸಲ ನಗಲಿಲ್ಲ.

ಯಾರ ಹೆಸರೂ ಹೇಳುವಂತಿಲ್ಲ. ಹಾಗಾಗಿ ಮನಸ್ಸಿನಲ್ಲಿ
ಅವರವರ ಹೊತ್ತಿನಿಂದಲೇ ಕರೆಯುತ್ತೇನೆ.
ಸೋಮವಾರ ಹನ್ನೊಂದಕ್ಕೆ
ತೊಳೆದು ತೊಳೆದು ಅಂಗೈ ಸಿಪ್ಪೆ ಎದ್ದಿದೆ.
ಗುರುವಾರ ಎರಡೂವರೆಗೆ
ಎರಡನೆಯದೂ ನಿಲ್ಲಲಿಲ್ಲ, ತೊಟ್ಟಿಲು ಮಾರಿದ್ದಾಳೆ.
ಮಂಗಳವಾರ ನಾಲ್ಕು
ಕೋಟು ಬಿಚ್ಚುವುದಿಲ್ಲ.

ಉಕ್ಕಿನ ಕಾರ್ಖಾನೆ ಇದ್ದ ದಡದಲ್ಲಿ ಈಗ ಗಾಳಿಯಂತ್ರಗಳು.
ಕಿಟಕಿಯಿಂದ ಅವನ್ನೇ ನೋಡುತ್ತಾನೆ,
ಐವತ್ತು ನಿಮಿಷ,
ಯಾವುದೋ ರೆಕ್ಕೆ ನಿಂತೀತೆಂದು ಕಾಯುವವನ ಹಾಗೆ.
ಎದ್ದು ಹೋಗುವಾಗ ‘ಥ್ಯಾಂಕ್ಸ್’ ಅನ್ನುತ್ತಾನೆ, ನೆಲಕ್ಕೆ.

‘ಮಾತೇ ಇಲ್ಲದ ಗಂಟೆಯನ್ನು ಬರೆಯಬಹುದೇ?’
ನನ್ನ ಮೇಲ್ವಿಚಾರಕಿ ಇಮೆಲ್ಡಾ ಕ್ರುಪಾ
ಹಸಿರು ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕೇಳಿದಳು,
‘ನೀನು ಅಲ್ಲಿದ್ದೆಯಾ?’
ಇದ್ದೆ.
‘ಪೂರ್ತಿ?’

ಹತ್ತು ನಿಮಿಷ ಹೀಟರಿನ ಬಿಲ್ಲಿನಲ್ಲಿದ್ದೆ.
ಮುಕ್ಕಾಲು ಗಂಟೆ ಎಂದು ಬರೆದೆ.
ಅವಳು ಸಹಿ ಹಾಕಿದಳು, ಏನೂ ಹೇಳಲಿಲ್ಲ.

ಮಾರ್ಚಿನಲ್ಲಿ ಮೂರು ವಾರ ಅವನು ಬರಲಿಲ್ಲ.
ನನಗೆ ಉಳಿದದ್ದು ಹದಿಮೂರು ಗಂಟೆ.
ಖಾಲಿ ಕುರ್ಚಿಯ ಎದುರು ಕುಳಿತು
ಮೆಟ್ಟಿಲ ಮೇಲಿನ ಪ್ರತಿ ಬೂಟಿಗೂ ತಲೆಯೆತ್ತಿದೆ.
ಬಾರದವರಿಗಾಗಿ ಕಾದದ್ದಕ್ಕೆ ಕಾಲಂ ಇಲ್ಲ,
ಇದ್ದಿದ್ದರೆ ಎಂದೋ ದಾಟಿರುತ್ತಿದ್ದೆ.
ಕಾದದ್ದಾದರೂ ಯಾರಿಗೆ? ಅವನಿಗೋ,
ಅವನು ಹೊತ್ತು ತರುವ ನನ್ನ ಒಂದು ಗಂಟೆಗೋ?
ಇದನ್ನು ಇಮೆಲ್ಡಾಳಿಗೂ ಹೇಳಿಲ್ಲ.

ನಾಲ್ಕನೇ ವಾರ ಬಂದ. ಕೋಟಿನ ಸಮೇತ.

ಪರೀಕ್ಷೆಯ ದಿನ ಜೇಬುಗಳನ್ನು ಹೊರಗೆಳೆದು ತೋರಿಸಿದೆ,
ಕನ್ನಡಕ ಬಿಚ್ಚಿ ಕೊಟ್ಟೆ, ತೋಳು ಮಡಚಿದೆ,
ನನ್ನ ಅರ್ಧ ವಯಸ್ಸಿನ ಹುಡುಗ ಮಣಿಕಟ್ಟು ಪರೀಕ್ಷಿಸಿದ.
ಪರದೆಯ ಮೇಲೆ ಒಬ್ಬ ಕಾಲ್ಪನಿಕ ಹೆಂಗಸು
ಬಾಗಿಲ ಬಳಿಯೇ ನಿಂತು ಒಳಗೆ ಬರಲೊಲ್ಲಳು.
ನೀವು ಮೊದಲು ಏನು ಮಾಡುತ್ತೀರಿ?
ನಾಲ್ಕು ಉತ್ತರ. ನಾಲ್ಕೂ ಒಳ್ಳೆಯವೇ.

ಮೇಲಿನ ದೊಡ್ಡ ಕನ್ನಡಿ ನೆನಪಾಯಿತು ನನಗೆ.
ಬಾಗಿಲು ಮುಚ್ಚಿದ ಮೇಲೂ,
ಹಿಂದೆ ಕಾರುಗಳು ಹಾರನ್ ಬಾರಿಸಿದರೂ,
ಕೊನೆಯ ಮಗು ಕೂರುವ ತನಕ
ಬ್ರೇಕಿನಿಂದ ಕಾಲು ತೆಗೆಯಬಾರದು.
ಅದು ನಾಲ್ಕರಲ್ಲಿ ಇರಲಿಲ್ಲ.
ಹತ್ತಿರದ್ದಕ್ಕೆ ಗುರುತು ಹಾಕಿದೆ.

ಜೂನಿನಲ್ಲಿ ಲೈಸೆನ್ಸು ಬಂತು ಅಂಚೆಯಲ್ಲಿ,
ಬರ್ನಡೆಟ್ ಕುಜ್ನಿಯಾರ್, ಒಂದಕ್ಷರ ತಪ್ಪಾಗಿ.
ಕ್ಯಾಜ್ ಚೌಕಟ್ಟು ಹಾಕಿಸಿ ತಾನೇ ಮೊಳೆ ಹೊಡೆದ,
ತುಸು ವಾರೆಯಾಗಿ.

ಮಂಗಳವಾರ ನಾಲ್ಕು
ಅದನ್ನು ಬಹಳ ಹೊತ್ತು ಓದಿದ.
‘ಮೊನ್ನೆಯ ತಾರೀಖು ಇದೆ’ ಅಂದ.
‘ಹಾಗಾದರೆ ಇಷ್ಟು ದಿನ ನೀವು ಏನಾಗಿದ್ದಿರಿ?’

ಓದಿದ್ದ ಉತ್ತರಗಳು ಒಂದೂ ಕೈಗೆ ಸಿಗಲಿಲ್ಲ.
‘ಬಸ್ಸು ಓಡಿಸುತ್ತಿದ್ದೆ’ ಅಂದೆ.

‘ಎಷ್ಟನೇ ನಂಬರು?’
‘ಹದಿನೇಳು.’

ಅವನು ಕಿಟಕಿಯಿಂದ ತಿರುಗಿದ.
ಕೋಟಿನ ಮೇಲಿನ ಗುಂಡಿಗೆ ಕೈ ಹೋಯಿತು.
‘ಮಳೆಗಾಲಕ್ಕೆ ಸೋರುತ್ತಿತ್ತು’ ಅಂದ,
‘ಎಡಗಡೆ, ಮೂರನೇ ಸೀಟು.’